ಪಂಚತಾರಾ ಹೋಟೆಲಿನ ಡಿಮ್ ಸಮ್ ಬಫೆ ಕೆಟ್ಟದ್ದೇಕೆ: ಒಂದು ಪ್ರಕರಣ ಅಧ್ಯಯನ

ಬೆಂಗಳೂರಿನ ನಡುಭಾಗದ ಒಂದು ಪಂಚತಾರಾ ಹೋಟೆಲು, ಅದರೊಳಗೆ ಒಂದು ಚೀನೀ ರೆಸ್ಟೋರೆಂಟ್. ಭಾನುವಾರ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರೂವರೆಯವರೆಗೆ ಅಲ್ಲಿ ‘ಡಿಮ್ ಸಮ್ ಬ್ರಂಚ್’ ನಡೆಯುತ್ತದೆ. ಡಿಮ್ ಸಮ್ ಎಂದರೆ ಚಹಾದ ಜೊತೆ ತಿನ್ನುವ, ಹೆಚ್ಚಾಗಿ ಬಿದಿರಿನ ಬುಟ್ಟಿಯಲ್ಲಿ ಹಬೆಯಲ್ಲಿ ಬೇಯಿಸುವ ಚೀನಾದ ಪುಟ್ಟ ತಿನಿಸುಗಳು. ತಲೆಗೆ 2,800 ರೂಪಾಯಿ, ತೆರಿಗೆ ಬೇರೆ. ಹನ್ನೆರಡು ಬಗೆಯ ಡಿಮ್ ಸಮ್, ಎಲ್ಲ ಸೇರಿ ನಲವತ್ತಕ್ಕೂ ಹೆಚ್ಚು ತಿನಿಸು, ಎಷ್ಟು ಬೇಕಾದರೂ ಹಾಕಿಸಿಕೊಳ್ಳಬಹುದು ಎಂದು ಜಾಹೀರಾತು. ಹೋದವರು ನಾವು ಐದು ಜನ: ನಾನು, ನನ್ನ ಹೆಂಡತಿ, ಬಹಳ ವರ್ಷ ಹಾಂಗ್‌ಕಾಂಗಿನಲ್ಲಿದ್ದು ಈಗ ಬೆಂಗಳೂರಿಗೆ ಮರಳಿರುವ ಅಕ್ಕ, ಭಾವ, ಮತ್ತು ತೀರ್ಥಹಳ್ಳಿಯಿಂದ ಬಂದಿದ್ದ ಸೋದರತ್ತೆ. ಅತ್ತೆ ಸಸ್ಯಾಹಾರಿ, ಡಿಮ್ ಸಮ್ ಎಂದರೇನೆಂದು ಅವರಿಗೆ ಗೊತ್ತಿರಲಿಲ್ಲ. ಅಕ್ಕನಿಗೆ ಅದು ಹೇಗಿರಬೇಕೆಂದು ಬಾಯಿಪಾಠ. ಒಂದೇ ಮೇಜಿನಲ್ಲಿ ಈ ಎರಡೂ ನಾಲಿಗೆ ಇದ್ದದ್ದು ಪ್ರಕರಣವನ್ನು ಅರ್ಥ ಮಾಡಿಕೊಳ್ಳಲು ತುಂಬ ನೆರವಾಯಿತು.

ಊಟ ಚೆನ್ನಾಗಿರಲಿಲ್ಲ ಎಂದಷ್ಟೇ ಹೇಳುವುದಾದರೆ ನಾಲ್ಕು ಸಾಲು ಸಾಕಿತ್ತು. ಇಷ್ಟು ವಿವರವಾಗಿ ಬರೆಯಲು ಕಾರಣ ಬೇರೆ. ಆ ದಿನ ಒಂದೇ ಅಡುಗೆಮನೆಯಿಂದ, ಒಂದೇ ಕೈಯಿಂದ, ಒಂದೇ ಸೀಗಡಿಯಿಂದ ಕೆಟ್ಟದ್ದೂ ಬಂತು, ತುಂಬ ಒಳ್ಳೆಯದೂ ಬಂತು. ಹಾಗಾಗಿ ತಪ್ಪು ಎಲ್ಲಿದೆ ಎಂದು ಊಹಿಸುವ ಅಗತ್ಯವೇ ಬೀಳಲಿಲ್ಲ, ಬೆರಳಿಟ್ಟು ತೋರಿಸಬಹುದಾಗಿತ್ತು. ಇಂಥ ಬ್ರಂಚುಗಳು ಈಗ ನಮ್ಮ ದೊಡ್ಡ ಊರುಗಳಲ್ಲೆಲ್ಲ ನಡೆಯುತ್ತಿವೆ. ನಡೆಸುವವರಿಗೂ ಹಣ ಕೊಡುವವರಿಗೂ ಈ ವಿವರ ಉಪಯೋಗಕ್ಕೆ ಬರಬಹುದು.

ಕೌಂಟರಿನ ಮೇಲೆ ಇದ್ದದ್ದು

ಹಾಲ್ ಸೊಗಸಾಗಿತ್ತು, ಕೂರಲು ಜಾಗ ಧಾರಾಳ, ಸಿಬ್ಬಂದಿ ವಿನಯವಂತರು. ಅದರ ಬಗ್ಗೆ ದೂರಿಲ್ಲ.

ಉದ್ದನೆಯ ಕೌಂಟರಿನ ಮೇಲೆ ಬಿದಿರಿನ ಬುಟ್ಟಿಗಳನ್ನು ಸಾಲಾಗಿ ಜೋಡಿಸಿದ್ದರು. ಒಂದಕ್ಕೂ ಮುಚ್ಚಳವಿಲ್ಲ. ಒಳಗಿರುವುದು ಎಲ್ಲರಿಗೂ ಕಾಣಲೆಂದು ತೆರೆದಿಟ್ಟು, ತಣ್ಣಗಾಗದಿರಲೆಂದು ಮೇಲೆ ಹೀಟ್ ಲ್ಯಾಂಪ್ ಇಳಿಬಿಟ್ಟಿದ್ದರು. ನಿಜವಾಗಿ ಹಬೆ ಏಳುತ್ತಿದ್ದದ್ದು ತುದಿಯಲ್ಲಿದ್ದ ಒಂದೇ ಒಂದು ಸ್ಟೀಮರಿನಿಂದ. ಅದಕ್ಕೆ ‘ಲೈವ್ ಕೌಂಟರ್’ ಎಂದು ಬೋರ್ಡು. ಅಲ್ಲಿ ಬೆಂದ ಬುಟ್ಟಿಗಳನ್ನು ತಂದು ಸಾಲಿನಲ್ಲಿ ಖಾಲಿಯಾದ ಜಾಗಕ್ಕೆ ಇಡುತ್ತಿದ್ದರು.

ಮೊದಲು ಹಾರ್‌ಗಾವ್ ತೆಗೆದುಕೊಂಡೆವು. ತೆಳುವಾದ, ಒಳಗಿನ ಸೀಗಡಿಯ ಕೆಂಪು ಹೊರಗೆ ಕಾಣುವಂಥ ಹೊದಿಕೆಯ ತಿನಿಸು ಅದು. ದಕ್ಷಿಣ ಚೀನಾದ ಕ್ಯಾಂಟನ್, ಅಂದರೆ ಈಗಿನ ಗುವಾಂಗ್‌ಝೌ ಕಡೆಯ ಅಡುಗೆಯವರ ಕೈಗುಣವನ್ನು ಅಳೆಯುವುದು ಇದರಿಂದಲೇ. ನಮ್ಮ ತಟ್ಟೆಗೆ ಬಂದದ್ದರ ಹೊದಿಕೆ ಸುಣ್ಣದಂತೆ ಮಂಕಾಗಿತ್ತು, ಮೇಲಿನ ಮಡಿಕೆಗಳು ಒಣಗಿ ಬಿರುಸಾಗಿದ್ದವು. ಇಕ್ಕಳದಿಂದ ಎತ್ತಿದರೆ ತಳ ಬುಟ್ಟಿಯ ಕಾಗದಕ್ಕೇ ಅಂಟಿ ಉಳಿಯಿತು. ಮೇಲೆ ಒಣಗಲು, ಕೆಳಗೆ ಲೊಳೆ. ಒಳಗಿನ ಸೀಗಡಿ ರಬ್ಬರಿನಂತೆ ಜಗಿಯಬೇಕಾಯಿತು.

ಮಾಂಸದ ಉಂಡೆಗೆ ಹಳದಿ ಹೊದಿಕೆ ಸುತ್ತುವ ಸಿಯುಮಾಯ್‌ಗೆ ಕ್ಯಾಂಟನಿನಲ್ಲಿ ಹಂದಿಮಾಂಸ, ಸೀಗಡಿ ಎರಡೂ ಹಾಕುತ್ತಾರೆ. ಇಲ್ಲಿ ಕೋಳಿ ಹಾಕಿದ್ದರು, ಅದರಲ್ಲಿ ತಪ್ಪೇನಿಲ್ಲ. ಆದರೆ ಹಂದಿಯ ಕೊಬ್ಬು ಕೊಡುವ ರಸ ಕೋಳಿಯ ಎದೆಮಾಂಸದಲ್ಲಿ ಇರುವುದಿಲ್ಲ, ಕಾದಷ್ಟೂ ಅದು ಒಣಗುತ್ತದೆ. ಉಂಡೆ ಕುಗ್ಗಿ, ಹಳದಿ ಹೊದಿಕೆ ಅದರಿಂದ ಬೇರೆಯಾಗಿ ಕಾಲರಿನಂತೆ ನಿಂತಿತ್ತು. ಅಕ್ಕಿ ಹಿಟ್ಟಿನ ತೆಳು ಹಾಳೆಯನ್ನು ಸುರುಳಿ ಸುತ್ತುವ ಚೌಂಗ್‌ಫನ್ ಒಂದಕ್ಕೊಂದು ಅಂಟಿ ಒಂದೇ ಗಟ್ಟಿಯಾಗಿತ್ತು. ಬಡಿಸುವಾಗ ಹಾಕಬೇಕಾದ ಸೋಯಾ ಸಾಸನ್ನು ಮೊದಲೇ ಸುರಿದಿದ್ದರಿಂದ ಹಾಳೆ ಅದನ್ನು ಹೀರಿಕೊಂಡು ಉಪ್ಪುಪ್ಪಾಗಿತ್ತು. ಸೂಪ್ ತುಂಬಿದ್ದೆಂದು ಬೋರ್ಡಿದ್ದ ಶಿಯಾವ್‌ಲಾಂಗ್‌ಬಾವ್‌ನಲ್ಲಿ ಸೂಪಿನ ಒಂದು ಹನಿಯೂ ಇರಲಿಲ್ಲ. ಇದು ಕ್ಯಾಂಟನಿನದಲ್ಲ, ಶಾಂಘೈ ಕಡೆಯದು. ಹೆಪ್ಪುಗಟ್ಟಿಸಿದ ಸಾರಿನ ತುಣುಕುಗಳನ್ನು ಮಾಂಸದ ಜೊತೆ ಕಲೆಸಿ ತುಂಬುತ್ತಾರೆ, ಬೇಯುವಾಗ ಅದು ಕರಗಿ ಸೂಪಾಗುತ್ತದೆ. ಬೆಂದ ಕೆಲವೇ ನಿಮಿಷದಲ್ಲಿ ತಿನ್ನದಿದ್ದರೆ ಆ ಸೂಪು ಹೊದಿಕೆಗೆ ಇಳಿದು, ಹೊದಿಕೆ ಹರಿದು, ಬುಟ್ಟಿಯ ಪಾಲಾಗುತ್ತದೆ. ಇಲ್ಲಿ ಆದದ್ದೂ ಅದೇ.

ಅತ್ತೆಗೆಂದು ತಂದದ್ದರಲ್ಲಿ ಅಣಬೆಯದು, ಜೋಳ ಮತ್ತು ಚೀಸಿನದು, ಟ್ರಫಲ್ ಎಣ್ಣೆ ಹಾಕಿದ ಎಡಮಾಮೆ, ಅಂದರೆ ಎಳೆ ಸೋಯಾ ಕಾಳಿನದು ಇದ್ದವು. ಮೊದಲೆರಡಕ್ಕೆ ಹಾರ್‌ಗಾವ್‌ನದೇ ಹೊದಿಕೆ, ಆದ್ದರಿಂದ ಅದೇ ಗತಿ. ಅತ್ತೆ ಒಂದನ್ನು ಅರ್ಧ ತಿಂದು, ಯಾರಿಗೂ ಬೇಸರವಾಗಬಾರದೆಂದು ಉಳಿದರ್ಧವನ್ನೂ ಸುಮ್ಮನೆ ಮುಗಿಸಿದರು.

ತಡೆದುಕೊಂಡು ನಿಂತದ್ದು ಎರಡೇ: ಹೂರಣ ತುಂಬಿದ, ಬನ್ನಿನಂಥ ದಪ್ಪ ಬಾವ್, ಮತ್ತು ಮೈದಾದ ಹೊದಿಕೆಯ ಕೋಳಿ ಡಂಪ್ಲಿಂಗ್. ಎರಡನೆಯದು ಹೆಸರಿಗೆ ಡಿಮ್ ಸಮ್, ತಿನ್ನಲು ಮೋಮೋ. ಇದು ಕಾಕತಾಳೀಯವಲ್ಲ, ಮುಂದೆ ಹೇಳುತ್ತೇನೆ. ಸ್ಪ್ರಿಂಗ್ ರೋಲ್, ಚಿಲ್ಲಿ ಪೊಟ್ಯಾಟೊ, ಹಕ್ಕಾ ನೂಡಲ್ಸ್, ಫ್ರೈಡ್ ರೈಸ್, ಮಾವಿನ ಪುಡಿಂಗ್ ಎಲ್ಲ ಇದ್ದವು, ಚೆನ್ನಾಗಿಯೇ ಇದ್ದವು. ಅವುಗಳಿಗಾಗಿ ಇಲ್ಲಿಗೆ ಬರಬೇಕಿರಲಿಲ್ಲ.

ಚಹಾ ಇಲ್ಲದ ಡಿಮ್ ಸಮ್

ನನಗೆ ಎಲ್ಲಕ್ಕಿಂತ ಬೇಸರ ತಂದದ್ದು ಚಹಾದ ಸಂಗತಿ. ಗುವಾಂಗ್‌ಝೌ, ಹಾಂಗ್‌ಕಾಂಗ್ ಕಡೆ ಡಿಮ್ ಸಮ್‌ಗೆ ಹೋಗುವುದೆಂದರೆ ಚಹಾ ಅಂಗಡಿಗೆ ಹೋಗುವುದು. ತಿನಿಸು ಬೆಳೆದದ್ದೇ ಚಹಾದ ಜೊತೆಗೆ ನಂಜಿಕೊಳ್ಳಲೆಂದು. ಅಲ್ಲಿ ಕೂತ ತಕ್ಷಣ ಕೇಳುವ ಮೊದಲ ಪ್ರಶ್ನೆ ಯಾವ ಚಹಾ ಎಂಬುದು: ಕಪ್ಪಗೆ ಮಾಗಿದ ಪು-ಎರ್, ತಿಯೆಗುವಾನ್‌ಯಿನ್, ಮಲ್ಲಿಗೆ, ಅಥವಾ ಸೇವಂತಿಗೆ ಬೆರೆಸಿದ ಪು-ಎರ್. ಬಟ್ಟಲು, ಚಾಪ್‌ಸ್ಟಿಕ್ಕುಗಳನ್ನು ಮೊದಲ ಬಿಸಿ ಚಹಾದಲ್ಲೇ ತೊಳೆದುಕೊಳ್ಳುವವರಿದ್ದಾರೆ. ಪಕ್ಕದವರು ಬಟ್ಟಲಿಗೆ ಸುರಿದರೆ ಎರಡು ಬೆರಳಿಂದ ಮೇಜು ತಟ್ಟಿ ವಂದನೆ ಹೇಳುತ್ತಾರೆ. ಹೂಜಿ ಖಾಲಿಯಾದರೆ ಮುಚ್ಚಳ ಓರೆ ಮಾಡಿಟ್ಟರೆ ಸಾಕು, ಬಿಸಿನೀರು ಬರುತ್ತದೆ. ಕೊಬ್ಬಿನ ಜಿಡ್ಡನ್ನು ನಾಲಿಗೆಯಿಂದ ತೆಗೆದು ಮುಂದಿನ ತುತ್ತಿಗೆ ಬಾಯಿಯನ್ನು ಸಿದ್ಧ ಮಾಡುವುದು ಆ ಚಹಾ.

ಇಲ್ಲಿ ಹೆಚ್ಚು ಹಣ ಕೊಟ್ಟರೆ ಸ್ಪಾರ್ಕ್ಲಿಂಗ್ ವೈನ್ ಸಿಗುವ ಪ್ಯಾಕೇಜ್ ಇತ್ತು, ಕಾಕ್‌ಟೇಲ್ ಪಟ್ಟಿ ಇತ್ತು. ಚಹಾ ಯಾವ ಪ್ಯಾಕೇಜಿನಲ್ಲೂ ಇರಲಿಲ್ಲ. ಕೇಳಿದಾಗ ಕ್ಯಾಪ್ಟನ್ ಪೇಚಿಗೆ ಬಿದ್ದು, “ಮೇಡಂ, ಗ್ರೀನ್ ಟೀ ಬ್ಯಾಗ್ ತರಿಸಿಕೊಡ್ತೀನಿ” ಎಂದ. ಕಾಫಿ ಮಗ್ಗಿನಲ್ಲಿ ಬಿಸಿನೀರು, ಪಕ್ಕದಲ್ಲಿ ಟೀ ಬ್ಯಾಗ್ ಬಂತು. ಪಾಪ ಅವನು ತನ್ನ ಕೈಲಾದದ್ದು ಮಾಡಿದ. ಆದರೆ ಈ ಬ್ರಂಚನ್ನು ರೂಪಿಸಿದವರು ಊಟದ ಅರ್ಧ ಭಾಗವನ್ನೇ ಬಿಟ್ಟುಬಿಟ್ಟಿದ್ದರು. ಒಳ್ಳೆಯ ಚಹಾ ಎಲೆಗೆ ಆಗುವ ಖರ್ಚು ಸೀಗಡಿಯ ಮುಂದೆ ಬಹಳ ಕಡಿಮೆ. ಒಂದು ಹೂಜಿಯ ಎಲೆ ಹಲವು ಸಲ ಬಿಸಿನೀರು ಹಿಡಿಯುತ್ತದೆ. ಇಲ್ಲಿ ಉಳಿತಾಯದ ಲೆಕ್ಕವೂ ಇರಲಾರದು, ಯಾರಿಗೂ ಹೊಳೆದಿರಲಿಲ್ಲ ಅಷ್ಟೆ.

ಒಳಗಿನಿಂದ ಬಂದ ಬುಟ್ಟಿ

ಅಕ್ಕ ಎದ್ದು ಸ್ಟೀಮರಿನ ಬಳಿ ಹೋದಳು. ಅಲ್ಲಿ ನಿಂತಿದ್ದ ಅಡುಗೆಯವ ಡಾರ್ಜಿಲಿಂಗ್ ಕಡೆಯ ಹುಡುಗ. ಹಾರ್‌ಗಾವ್ ಹೊಸದಾಗಿ ಬೇಯಿಸಿಕೊಡಲು ಆಗುತ್ತದಾ ಎಂದು ಹಿಂದಿಯಲ್ಲಿ ಕೇಳಿದಳು. ಮಡಿಸಿಟ್ಟದ್ದು ಒಳಗೆ ಫ್ರಿಜ್ಜಿನಲ್ಲಿದೆ, ಆರು ನಿಮಿಷ ಕೊಡಿ ದೀದಿ ಎಂದು ಅವನ ಮುಖ ಅರಳಿತು. ಹೇಳಿದಂತೆಯೇ ಎರಡು ಬುಟ್ಟಿಗಳನ್ನು ಮುಚ್ಚಳ ಸಮೇತ ತಾನೇ ಮೇಜಿಗೆ ತಂದಿಟ್ಟ: ಒಂದು ಹಾರ್‌ಗಾವ್, ಇನ್ನೊಂದು ಅತ್ತೆಗೆ ಅಣಬೆಯದು.

ಮುಚ್ಚಳ ತೆಗೆದರೆ ಬೇರೆಯದೇ ತಿನಿಸು. ಹೊದಿಕೆ ನೀರಿನ ಹೊಳಪಿನಲ್ಲಿ ಮಿನುಗುತ್ತಿತ್ತು, ಒಳಗಿನ ಸೀಗಡಿ ಕೆಂಪಗೆ ಕಾಣುತ್ತಿತ್ತು. ಮಡಿಕೆಗಳು ಒತ್ತೊತ್ತಾಗಿ ಒಂದೇ ಅಳತೆಯಲ್ಲಿದ್ದವು. ಚಾಪ್‌ಸ್ಟಿಕ್ಕಿನಿಂದ ಎತ್ತಿದರೆ ಹರಿಯಲಿಲ್ಲ. ಕಚ್ಚಿದರೆ ಹೊದಿಕೆ ಸ್ವಲ್ಪ ಎಳೆದುಕೊಂಡು ಬಿಟ್ಟುಕೊಟ್ಟಿತು, ಸೀಗಡಿ ಕರಕ್ಕೆಂದು ಮುರಿದು ರಸ ಬಿಟ್ಟಿತು. ಅಕ್ಕ ಕಣ್ಣು ಮುಚ್ಚಿಕೊಂಡೇ ತಿಂದಳು. “ಇದಕ್ಕೆ ಹಾಂಗ್‌ಕಾಂಗಲ್ಲೂ ಹೆಸರಿಡೋ ಹಾಗಿಲ್ಲ ಕಣೋ,” ಎಂದಳು.

ಅತ್ತೆ ಅಣಬೆಯದನ್ನು ತಿಂದು ಇನ್ನೊಂದಕ್ಕೆ ಕೈಹಾಕಿದರು. “ಇದು ನಮ್ಮ ಕಡುಬಿನ ಹಾಗೇ ಆಯ್ತಲ್ಲ ಮಾರಾಯ. ಕೂತೋರ ಎಲೆಗೆ ಹಬೆಯಿಂದ ಇಳಿಸಿ ಇಳಿಸಿ ಹಾಕ್ಬೇಕು. ಮೊದ್ಲೇ ಮಾಡಿ ಹರಡಿಟ್ಟು ಆಮೇಲೆ ಜನರನ್ನ ಕರೆದ್ರೆ ಆಗ್ತದಾ?”

ಪ್ರಕರಣದ ತಿರುಳನ್ನು ಅತ್ತೆ ಅಲ್ಲೇ ಬಿಡಿಸಿಟ್ಟರು. ಆ ಬುಟ್ಟಿ ಬರುವವರೆಗೆ ನಮ್ಮ ಮೇಜಿನಲ್ಲಿ ಬೇರೆ ಬೇರೆ ಅನುಮಾನಗಳಿದ್ದವು. ಫ್ರೋಜನ್ ಪ್ಯಾಕೆಟ್ ತಂದು ಬೇಯಿಸುತ್ತಿದ್ದಾರೆ ಎಂದು ಭಾವ, ಸೀಗಡಿ ಹಳೆಯದು ಎಂದು ನನ್ನ ಹೆಂಡತಿ, ಅಡುಗೆಯವರಿಗೆ ಕೆಲಸ ಗೊತ್ತಿಲ್ಲ ಎಂದು ನಾನು. ಮೂರೂ ಬಿದ್ದುಹೋದವು. ಹಿಟ್ಟು ಅಲ್ಲೇ ಕಲೆಸಿದ್ದು, ಸೀಗಡಿ ತಾಜಾ, ಕೈ ಪಳಗಿದ್ದು. ಎರಡು ಬುಟ್ಟಿಗಳ ನಡುವಿನ ವ್ಯತ್ಯಾಸ ಬೆಂದ ಮೇಲೆ ಕಳೆದ ಹೊತ್ತು ಮಾತ್ರ.

ಆ ಹುಡುಗ ಇನ್ನೂ ಎರಡು ಮಾತು ಹೇಳಿದ. ಬೆಳಗ್ಗೆಯಿಂದ ಇಬ್ಬರು ಕೂತು ಮಡಿಸುತ್ತಾರೆ. ಆದರೆ ಸಾಲಿನಲ್ಲಿ ಬುಟ್ಟಿ ಅರ್ಧ ಖಾಲಿ ಕಂಡರೂ ಮೇಲಿನವರು ಕೇಳುತ್ತಾರೆ, ಹಾಗಾಗಿ ಯಾರೂ ತೆಗೆದುಕೊಳ್ಳದಿದ್ದರೂ ತುಂಬಿಸಿಡಲೇಬೇಕು. ಅದನ್ನು ಹೇಳುವಾಗ ಅವನ ದನಿಯಲ್ಲಿದ್ದದ್ದು ದೂರಲ್ಲ, ಸಂಕಟ. ತಾನು ಮಡಿಸಿದ್ದು ಕಣ್ಣೆದುರೇ ಕೆಡುವುದನ್ನು ಭಾನುವಾರ ಪೂರ್ತಿ ನೋಡುತ್ತ ನಿಲ್ಲಬೇಕು ಅವನು.

ಹೊದಿಕೆಯೊಳಗಿನ ಲೆಕ್ಕ

ಹಾರ್‌ಗಾವ್‌ನ ಹೊದಿಕೆ ಗೋಧಿಯಿಂದ ಬಂದರೂ ಅದು ಗೋಧಿ ಹಿಟ್ಟಲ್ಲ. ಹಿಟ್ಟಿನಿಂದ ಗ್ಲೂಟನ್ ಎಂಬ ಅಂಟಿನ ಪ್ರೋಟೀನನ್ನು ತೊಳೆದು ತೆಗೆದ ಮೇಲೆ ಉಳಿಯುವ ಪಿಷ್ಟ ಅದು. ಜೊತೆಗೆ ಟಾಪಿಯೋಕಾ, ಅಂದರೆ ಮರಗೆಣಸಿನ ಪಿಷ್ಟ. ಇವೆರಡರ ಮೇಲೆ ಕುದಿಯುವ ನೀರು ಸುರಿದು ನಾದುತ್ತಾರೆ. ಗ್ಲೂಟನ್ ಇಲ್ಲದ್ದರಿಂದ ಲಟ್ಟಣಿಗೆ ಅಷ್ಟಾಗಿ ಒಗ್ಗುವುದಿಲ್ಲ. ಎಣ್ಣೆ ಸವರಿದ ಮೊಂಡು ಕತ್ತಿಯ ಅಗಲದಿಂದ ಒತ್ತಿ ತಿರುಗಿಸಿ ಪುಟ್ಟ ಪುಟ್ಟ ಬಿಲ್ಲೆ ಮಾಡುತ್ತಾರೆ. ಹಬೆಯಲ್ಲಿ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಗಾಜಿನಂತಾಗುತ್ತವೆ. ಆ ಪಾರದರ್ಶಕತೆ, ಆ ಎಳೆತ ಬರುವುದು ಹಾಗೆ.

ಬುಟ್ಟಿಯನ್ನು ಹಬೆಯಿಂದ ಇಳಿಸಿದ ಗಳಿಗೆಯಿಂದ ಎರಡು ದಾರಿ ತೆರೆಯುತ್ತವೆ, ಎರಡೂ ಕೆಡುವ ದಾರಿಗಳೇ. ಆರಲು ಬಿಟ್ಟರೆ ಪಿಷ್ಟದ ಎಳೆಗಳು ಮತ್ತೆ ಒತ್ತಾಗಿ ಜೋಡಿಕೊಂಡು ನೀರನ್ನು ಹೊರದೂಡುತ್ತವೆ. ಹೊದಿಕೆ ಮಂಕಾಗಿ, ಗಡುಸಾಗಿ, ಬಿರುಕು ಬಿಡುತ್ತದೆ. ಆರಬಾರದೆಂದು ಹಬೆಯಲ್ಲೇ ಬಿಟ್ಟರೆ ಪಿಷ್ಟ ನೀರು ಕುಡಿಯುತ್ತಲೇ ಹೋಗಿ ಲೊಳೆಯಾಗುತ್ತದೆ. ಜೊತೆಗೆ ಒಳಗಿನ ಸೀಗಡಿ ಬೇಯುತ್ತಲೇ ಇರುತ್ತದೆ. ಅದರ ಪ್ರೋಟೀನು ಬಿಗಿದು ರಸ ಹಿಂಡಿ ಹೊರಹಾಕುತ್ತದೆ, ಆ ರಸ ಹೊದಿಕೆಯನ್ನು ಒಳಗಿನಿಂದ ನೆನೆಸುತ್ತದೆ. ಸ್ವಲ್ಪವೇ ಬೆಚ್ಚಗಿಟ್ಟರೆ ಸಾಲದೇ ಎಂದರೆ, ಅದೂ ಆಗದು. ಬೇಯಿಸಿದ ಆಹಾರವನ್ನು ಬಡಿಸುವವರೆಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಇಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಅದಕ್ಕಿಂತ ಕೆಳಗೆ ರೋಗಾಣು ಬೆಳೆಯುವ ಭಯ, ಮೇಲೆ ಸೀಗಡಿ ಗಟ್ಟಿಯಾಗುವ ನಷ್ಟ. ಹೀಟ್ ಲ್ಯಾಂಪ್ ಇಟ್ಟವರು ನಿಯಮವನ್ನೇನೋ ಪಾಲಿಸಿದ್ದರು. ಮುಚ್ಚಳ ತೆಗೆದು ಲ್ಯಾಂಪ್ ಹಾಕಿದ್ದರಿಂದ ಎರಡು ಕೇಡೂ ಒಟ್ಟಿಗೇ ಆಗಿ, ಮೇಲ್ಭಾಗ ಒಣಗಿ ತಳ ನೆನೆದಿತ್ತು.

ದಾಲ್, ಬಿರಿಯಾನಿ, ಮಟನ್ ಸಾರು ಗಂಟೆಗಟ್ಟಲೆ ಬಿಸಿಯಾಗಿದ್ದರೂ ಅಷ್ಟಾಗಿ ಕೆಡುವುದಿಲ್ಲ, ಕೆಲವು ಇನ್ನೂ ಹದಗೊಳ್ಳುತ್ತವೆ. ಬಫೆ ಎಂಬ ಪದ್ಧತಿ ನಿಂತಿರುವುದೇ ಅಂಥ ಅಡುಗೆಗಳ ಮೇಲೆ. ಮೈದಾದ ಡಂಪ್ಲಿಂಗ್ ಮತ್ತು ಬಾವ್ ಉಳಿದುಕೊಂಡದ್ದು ಅವುಗಳಲ್ಲಿ ಗ್ಲೂಟನ್ ಇರುವುದರಿಂದ. ಬೈಲುಕುಪ್ಪೆಯ ಟಿಬೆಟನ್ನರ ಮೋಮೋ ಅಲ್ಯೂಮಿನಿಯಂ ಸ್ಟೀಮರಿನಲ್ಲಿ ಸ್ವಲ್ಪ ಹೊತ್ತು ಕಾದರೂ ಆಕಾರ ಬಿಡದಿರುವುದೂ ಇದೇ ಕಾರಣಕ್ಕೆ. ಹೋಟೆಲಿನವರು ತಿಳಿದೋ ತಿಳಿಯದೆಯೋ ಪಟ್ಟಿಯಲ್ಲಿ ಮೈದಾದ ಬಗೆಗಳನ್ನು ಹೆಚ್ಚಿಸುತ್ತ ಹೋದರೆ ಬಫೆ ಸುಧಾರಿಸಿದಂತೆ ಕಾಣುತ್ತದೆ. ಆದರೆ ಆಗ ಅದು ಮೋಮೋ ಬಫೆ, ಅದಕ್ಕೆ 2,800 ರೂಪಾಯಿ ಕೇಳುವುದು ನ್ಯಾಯವಲ್ಲ.

ಗಾಡಿಯ ಮಾತು

ಹಾಂಗ್‌ಕಾಂಗಿನಲ್ಲೂ ತಳ್ಳುಗಾಡಿಯಲ್ಲಿ ಬುಟ್ಟಿ ಇಟ್ಟುಕೊಂಡು ಮೇಜಿಂದ ಮೇಜಿಗೆ ಬರುತ್ತಾರಲ್ಲ, ಅದೂ ಮೊದಲೇ ಬೇಯಿಸಿದ್ದೇ ತಾನೇ ಎಂದು ಭಾವ ಕೇಳಿದರು. ನ್ಯಾಯವಾದ ಪ್ರಶ್ನೆ. ಅಲ್ಲಿನ ಸಿಟಿ ಹಾಲ್‌ನಲ್ಲಿರುವ ಮ್ಯಾಕ್ಸಿಮ್ಸ್ ಪ್ಯಾಲೇಸ್ ಗಾಡಿಗೇ ಹೆಸರಾದ ಜಾಗ, ಅಕ್ಕ ಎಷ್ಟೋ ಭಾನುವಾರ ಅಲ್ಲಿ ಸಾಲಿನಲ್ಲಿ ನಿಂತವಳು. ಅವಳು ಕೊಟ್ಟ ಉತ್ತರ ಇದು: ಗಾಡಿಯ ಬುಟ್ಟಿಗೆ ಮುಚ್ಚಳವಿರುತ್ತದೆ, ಗಾಡಿಯೇ ಬಿಸಿಯಾಗಿರುತ್ತದೆ, ಮತ್ತು ನೂರಾರು ಜನ ಹಸಿದು ಕೂತ ಹಾಲಿನಲ್ಲಿ ಹಾರ್‌ಗಾವ್ ಗಾಡಿ ಅಡುಗೆಮನೆಯ ಬಾಗಿಲಿನಿಂದ ಹೆಚ್ಚು ದೂರ ಹೋಗುವ ಮೊದಲೇ ಖಾಲಿ. ಅಲ್ಲಿ ಜನರೇ ಗಾಡಿಯ ಹಿಂದೆ ಹೋಗುತ್ತಾರೆ. ಬೆಂಗಳೂರಿನ ಹಾಲಿನಲ್ಲಿ ಬುಟ್ಟಿಗಳೇ ಜನರಿಗಾಗಿ ಕಾಯುತ್ತಿದ್ದವು.

ಅಷ್ಟಾಗಿಯೂ ಅಲ್ಲಿನ ಹೆಚ್ಚಿನ ಅಂಗಡಿಗಳು ಗಾಡಿ ಬಿಟ್ಟು ಚೀಟಿಗೆ ಬಂದಿವೆ. ಮೇಜಿನ ಮೇಲೆ ಪಟ್ಟಿ ಮುದ್ರಿಸಿದ ಚೀಟಿ, ಪೆನ್ಸಿಲ್. ಬೇಕಾದ್ದಕ್ಕೆ ಗುರುತು ಹಾಕಿ ಕೊಟ್ಟರೆ ಆಮೇಲೆ ಬುಟ್ಟಿ ಹಬೆಗೆ ಏರುತ್ತದೆ. ಇದು ಎಷ್ಟರಮಟ್ಟಿಗೆ ಫಲ ಕೊಡುತ್ತದೆ ಎಂಬುದಕ್ಕೆ ಟಿಮ್ ಹೋ ವಾನ್ ಎಂಬ ಅಂಗಡಿ ಸಾಕ್ಷಿ. ಹಾಂಗ್‌ಕಾಂಗಿನ ಫೋರ್ ಸೀಸನ್ಸ್ ಹೋಟೆಲಿನ ಲುಂಗ್ ಕಿಂಗ್ ಹೀನ್ ರೆಸ್ಟೋರೆಂಟಿನಲ್ಲಿ ಡಿಮ್ ಸಮ್ ಮಾಡುತ್ತಿದ್ದ ಮಾಕ್ ಕ್ವಾಯ್ ಪುಯ್ 2009ರಲ್ಲಿ ಮಾಂಗ್ ಕಾಕ್‌ನಲ್ಲಿ ಚಿಕ್ಕದೊಂದು ಅಂಗಡಿ ತೆರೆದರು. ಕೂರಲು ಸುಮಾರು ಇಪ್ಪತ್ತು ಜಾಗ, ಬಾಗಿಲಾಚೆ ಉದ್ದ ಸಾಲು, ಕೇಳಿದ ಮೇಲೆ ಬೇಯಿಸುವುದು. ಅದಕ್ಕೆ ಒಳ್ಳೆಯ ಅಡುಗೆಗೆಂದು ಮಿಶೆಲಿನ್ ಗೈಡ್ ಕೊಡುವ ತಾರೆ ಸಿಕ್ಕಿತು. ಸ್ಫಟಿಕದ ದೀಪಗಳಾಗಲಿ ಮೃದುವಾದ ಕುರ್ಚಿಗಳಾಗಲಿ ಅಲ್ಲಿರಲಿಲ್ಲ. ನಮ್ಮ ದೇಶದಲ್ಲೇ ಬೇಕೆಂದರೆ ಕೋಲ್ಕತ್ತದ ತಿರೆಟ್ಟಾ ಬಜಾರಿನ ಭಾನುವಾರದ ಚೀನೀ ತಿಂಡಿಯನ್ನು ನೋಡಬಹುದು. ರಸ್ತೆಬದಿಯಲ್ಲಿ ಪಾತ್ರೆಯಿಂದ ನೇರ ಕೈಗೆ ಬಾವ್, ಸಿಯುಮಾಯ್. ಬೆಳಗಿನ ಹೊತ್ತೇರುವಷ್ಟರಲ್ಲಿ ಎಲ್ಲ ಮುಗಿದು ಜಾಗ ಖಾಲಿ.

ನಲವತ್ತು ತಿನಿಸಿನ ಭಾರ

ಹಾಗಾದರೆ ಹೋಟೆಲಿನವರು ಏಕೆ ಹೀಗೆ ಮಾಡುತ್ತಾರೆ? ಬ್ರಂಚಿಗೆ ಬರುವ ನಾವು ಎಣಿಸುವುದು ತಿನಿಸಿನ ಸಂಖ್ಯೆಯನ್ನು. ‘ನಲವತ್ತು ಬಗೆ’ ಎಂದರೆ ಹಣಕ್ಕೆ ಮೋಸವಿಲ್ಲ ಅನಿಸುತ್ತದೆ. ಜಾಹೀರಾತು ಬರೆಯುವವರಿಗೆ ಅದು ಗೊತ್ತು. ಆದರೆ ಡಿಮ್ ಸಮ್ ಕೆಡುವುದಕ್ಕೆ ಮೂಲ ಈ ಸಂಖ್ಯೆಯೇ.

ಒಂದು ಸರಳ ಲೆಕ್ಕ ಹಾಕಿದೆ. ಇಳಿಸಿದ ಬುಟ್ಟಿ ಹತ್ತು ನಿಮಿಷ ಚೆನ್ನಾಗಿರುತ್ತದೆ ಎಂದುಕೊಳ್ಳೋಣ, ಇದು ಉದಾರವಾದ ಅಂದಾಜು. ಹನ್ನೆರಡು ಬಗೆಯನ್ನೂ ಮೂರು ಗಂಟೆ, ಅಂದರೆ 180 ನಿಮಿಷ, ತಾಜಾ ಆಗಿ ತೋರಿಸಬೇಕೆಂದರೆ ಒಂದೊಂದು ಬಗೆಯನ್ನೂ 18 ಸಲ ಬದಲಾಯಿಸಬೇಕು. ಒಟ್ಟು 216 ಸಲ. ಒಂದೊಂದು ಸಲ ಒಂದೇ ಬುಟ್ಟಿ ಇಟ್ಟರೂ 216 ಬುಟ್ಟಿ. ಅದರಲ್ಲಿ ಎಷ್ಟೋ ಬುಟ್ಟಿಗಳನ್ನು ಯಾರೂ ಮುಟ್ಟದೆಯೇ ಎಸೆಯಬೇಕಾಗುತ್ತದೆ. ಯಾವ ಹೋಟೆಲೂ ಇದನ್ನು ಮಾಡದು, ಮಾಡಬಾರದು. ಆದ್ದರಿಂದ ಬೇಗ ಖಾಲಿಯಾಗುವ ಬಗೆ ಹೇಗೋ ತಾಜಾ ಇರುತ್ತದೆ, ನಿಧಾನವಾಗಿ ಹೋಗುವ ಬಗೆ ಗಂಟೆಗಟ್ಟಲೆ ಕೂರುತ್ತದೆ. ಸಸ್ಯಾಹಾರದ ಬಗೆಗಳು ಅಂದು ಹಾಗೆ ಕೂತವು, ಅತ್ತೆಗೆ ಸಿಕ್ಕಿದ್ದು ಅವೇ.

ಅದರ ಬದಲು, ಹಾಲಿನಲ್ಲಿ ಮೂವತ್ತು ಮೇಜುಗಳಿವೆ ಎಂದುಕೊಂಡು ಅವಕ್ಕೆಲ್ಲ ಚೀಟಿ ಕೊಟ್ಟು, ಮೇಜಿಗೆ ಎಂಟು ಬುಟ್ಟಿಯಂತೆ ಕೇಳಿದರೂ 240 ಬುಟ್ಟಿ. ಮಡಿಸುವ ಕೆಲಸ ಹೆಚ್ಚುಕಡಿಮೆ ಅಷ್ಟೇ. ಆದರೆ ಪ್ರತಿ ಬುಟ್ಟಿಯೂ ಯಾರೋ ಬೇಕೆಂದು ಕೇಳಿದ್ದು, ಬಿಸಿಯಾಗಿಯೇ ತಿಂದದ್ದು. ಕಸದ ಬುಟ್ಟಿಗೆ ಹೋಗುವುದು ಅತ್ಯಲ್ಪ. ತಲೆಗಿಷ್ಟು ದರ, ಬೇಕಾದಷ್ಟು ತಿನ್ನಿ ಎಂಬ ಮಾತನ್ನೂ ಹಾಗೇ ಇಟ್ಟುಕೊಳ್ಳಬಹುದು. ಹೆಚ್ಚು ಬೇಕಾಗುವುದು ಒಂದೆರಡು ಸ್ಟೀಮರ್, ಬುಟ್ಟಿ ಹೊರಲು ಇನ್ನಿಬ್ಬರು ಹುಡುಗರು. ನೂಡಲ್ಸ್, ಸೂಪು, ಸಿಹಿಗಳು ಕೌಂಟರಿನ ಮೇಲೆ ಇರಲಿ, ಅವು ಕಾಯಬಲ್ಲವು.

ಬಿಲ್ಲು

ತಲೆಗೆ 2,800ರಂತೆ ಐವರಿಗೆ 14,000 ರೂಪಾಯಿ. ಅದರ ಮೇಲೆ ಶೇಕಡಾ 10ರ ಸೇವಾ ಶುಲ್ಕ 1,400. ಎರಡೂ ಸೇರಿದ 15,400ರ ಮೇಲೆ ಶೇಕಡಾ 18ರ ಜಿಎಸ್‌ಟಿ 2,772. ಒಟ್ಟು 18,172 ಎಂದು ಬಿಲ್ಲು ಬಂತು.

ಶೇಕಡಾ 18 ಸರಿಯಾದದ್ದೇ. ಸಾಮಾನ್ಯ ರೆಸ್ಟೋರೆಂಟಿಗೆ 5, ಆದರೆ ಕೋಣೆಯ ಬಾಡಿಗೆ ದಿನಕ್ಕೆ 7,500 ರೂಪಾಯಿ ಮೀರುವಂಥ ಹೋಟೆಲಿನೊಳಗಿನ ರೆಸ್ಟೋರೆಂಟಿಗೆ 18. ಸೇವಾ ಶುಲ್ಕದ ಮಾತು ಬೇರೆ. ಬಿಲ್ಲಿಗೆ ಅದನ್ನು ತಾನಾಗಿ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತ್ತು. ಹೋಟೆಲ್ ಸಂಘಗಳು ಅದನ್ನು ಪ್ರಶ್ನಿಸಿದವು, ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಕೊಡುವುದು ಬಿಡುವುದು ಗ್ರಾಹಕನ ಇಷ್ಟ. ಮ್ಯಾನೇಜರ್ ಮೊದಲು “ಸರ್, ಇದು ನಮ್ಮ ಪಾಲಿಸಿ” ಎಂದರು. ಭಾವ ದನಿ ಏರಿಸದೆ ತೀರ್ಪಿನ ವಿಷಯ ಹೇಳಿದ ಮೇಲೆ ಒಳಗೆ ಹೋಗಿ ಬಂದು ತೆಗೆದರು. ಬಿಲ್ಲು 16,520ಕ್ಕೆ ಇಳಿಯಿತು. ತೆಗೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಆ ಡಾರ್ಜಿಲಿಂಗ್ ಹುಡುಗನಿಗೆ ಅಕ್ಕ ಬೇರೆಯಾಗಿ, ಕೈಗೇ ಕೊಟ್ಟಳು.

ಕಾಗದ ಮತ್ತು ಉತ್ತರ

ಹೋಟೆಲಿಗೆ ಒಂದು ಇ-ಮೇಲ್ ಬರೆದೆವು. ಅದರಲ್ಲಿ ಬೈಗುಳವಿರಲಿಲ್ಲ. ಎರಡು ಬುಟ್ಟಿಗಳ ಕಥೆ ಇತ್ತು, ಜೊತೆಗೆ ಮೂರು ಸಲಹೆ: ಡಿಮ್ ಸಮ್ ಅನ್ನು ಚೀಟಿಯ ಮೇಲೆ ಮೇಜಿಗೇ ಕೊಡಿ, ಹನ್ನೆರಡು ಬಗೆಯನ್ನು ಆರಕ್ಕೆ ಇಳಿಸಿ, ಚಹಾವನ್ನು ದರದೊಳಗೇ ಸೇರಿಸಿ. ಅಡುಗೆಯವರ ಕೆಲಸ ಉತ್ತಮವಾಗಿದೆ, ಪದ್ಧತಿ ಅದನ್ನು ಹಾಳು ಮಾಡುತ್ತಿದೆ ಎಂದು ಒತ್ತಿ ಬರೆದೆವು. ದೂರು ಅಡುಗೆಮನೆಯ ಹುಡುಗರ ತಲೆಗೆ ಬರಬಾರದೆಂಬ ಕಾಳಜಿ ನಮಗಿತ್ತು.

ಉತ್ತರ ಬಂತು. ತೊಂದರೆಗೆ ವಿಷಾದ, ಮುಂದಿನ ಬ್ರಂಚಿಗೆ ಶೇಕಡಾ 15 ರಿಯಾಯಿತಿ. ನಮ್ಮ ಸಲಹೆಗಳ ಬಗ್ಗೆ ಒಂದು ಮಾತೂ ಇರಲಿಲ್ಲ. ಇದು ನನಗೆ ಊಟಕ್ಕಿಂತ ಹೆಚ್ಚು ನಿರಾಸೆ ತಂದಿತು. ಕೆಟ್ಟದ್ದನ್ನು ಕಡಿಮೆ ಬೆಲೆಗೆ ಕೊಟ್ಟರೆ ಅದು ಒಳ್ಳೆಯದಾಗುವುದಿಲ್ಲ. ರಿಯಾಯಿತಿಯ ಹಣವನ್ನು ಇನ್ನೊಂದು ಸ್ಟೀಮರಿಗೆ ಹಾಕಿದ್ದರೆ ಬಂದವರೆಲ್ಲರಿಗೂ ಲಾಭವಾಗುತ್ತಿತ್ತು.

ಇಂಥ ಬ್ರಂಚಿಗೆ ಹೋಗುವ ಮನಸ್ಸಿರುವವರು ಜಾಗ ಕಾದಿರಿಸುವಾಗಲೇ ಫೋನಿನಲ್ಲಿ ಎರಡು ಪ್ರಶ್ನೆ ಕೇಳುವುದು ಒಳ್ಳೆಯದು: ಡಿಮ್ ಸಮ್ ಮೇಜಿಗೆ ಬರುತ್ತದೋ ಕೌಂಟರಿನಲ್ಲಿರುತ್ತದೋ, ದರದಲ್ಲಿ ಚಹಾ ಸೇರಿದೆಯೋ ಇಲ್ಲವೋ. ಎರಡಕ್ಕೂ ತಡವರಿಸಿದರೆ ಉತ್ತರ ಸಿಕ್ಕಂತೆಯೇ. ಆದರೂ ಹೋಗಲೇಬೇಕಾಗಿ ಬಂದರೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ, ಸಾಲನ್ನು ಬಿಟ್ಟು ನೇರ ಸ್ಟೀಮರಿನ ಮುಂದೆ ನಿಂತು, ಹೊಸದಾಗಿ ಬೇಯಿಸಿಕೊಡಲು ಕೇಳಿ. ಬಹುಪಾಲು ಅಡುಗೆಯವರು ಸಂತೋಷದಿಂದಲೇ ಕೊಡುತ್ತಾರೆ. ಸಸ್ಯಾಹಾರಿಗಳಂತೂ ಇದನ್ನು ತಪ್ಪದೆ ಮಾಡಬೇಕು.

ಇನ್ನೊಂದು ದಾರಿ ಆ ಹೋಟೆಲಿನ ಪಟ್ಟಿಯಲ್ಲೇ ಇದೆ. ವಾರದ ದಿನಗಳಲ್ಲಿ ಅದೇ ರೆಸ್ಟೋರೆಂಟು, ಅದೇ ಅಡುಗೆಮನೆ, ಡಿಮ್ ಸಮ್ ಅನ್ನು ಬುಟ್ಟಿಗೆ 700 ರೂಪಾಯಿಯಂತೆ ಕೇಳಿದ ಮೇಲೆ ಬೇಯಿಸಿ ಕೊಡುತ್ತದೆ. ಬುಟ್ಟಿಗೆ ನಾಲ್ಕು ಡಂಪ್ಲಿಂಗ್. ಐದು ಜನಕ್ಕೆ ಹನ್ನೆರಡು ಬುಟ್ಟಿ ಹೇಳಿದರೆ 8,400, ಎರಡು ಹೂಜಿ ಚಹಾ 900, ಒಂದು ಫ್ರೈಡ್ ರೈಸ್ 800, ಮೇಲೆ ಜಿಎಸ್‌ಟಿ 1,818. ಒಟ್ಟು 11,918 ರೂಪಾಯಿ, ಬ್ರಂಚಿಗಿಂತ 4,602 ಕಡಿಮೆ. ಚಹಾ ಅಲ್ಲಿ ಹೂಜಿಯಲ್ಲೇ ಬರುತ್ತದೆ.